ಟೂರ್ ಡಿ ಫ್ರಾನ್ಸ್‌ನ ಕೊನೇ ದಿನ: ಬರೀ ಮೆರವಣಿಗೆನಾ, ನಿಜವಾದ ರೇಸಾ?

ಪ್ರಶ್ನೆ: ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ನೋಡೋದು ಇತ್ತೀಚೆಗೆ ಶುರು ಮಾಡಿದ್ದೇನೆ. 20 ಹಂತ ಮುಗಿದು ಒಂದೇ ಒಂದು ಬಾಕಿ ಇರುವಾಗ ಒಟ್ಟು ಸಮಯದಲ್ಲಿ ಮುಂದಿದ್ದು ಹಳದಿ ಜರ್ಸಿ ಹಾಕಿದವನು ಗೆದ್ದ ಹಾಗೇ, ಕೊನೇ ದಿನ ಸುಮ್ನೆ ಮೆರವಣಿಗೆ ಅಂತ ನನ್ನ ಗೆಳೆಯ ಹೇಳುತ್ತಾನೆ. ನಿಜಾನಾ? ಎಷ್ಟು ಸೆಕೆಂಡಿನ ಅಂತರ ಇದ್ದರೆ ಇನ್ನೂ ಆಸೆ ಇಟ್ಟುಕೊಳ್ಳಬಹುದು? ಕೊನೇ ಹಂತದ ಹಿಂದಿನ ದಿನ ಕೂತು, ನಾಳೆ ಏನಾಗಬಹುದು ಅಂತ ಲೆಕ್ಕ ಹಾಕೋದು ಹೇಗೆ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು 2023ರವರೆಗಿನ ಹೆಚ್ಚಿನ ವರ್ಷಗಳಿಗೆ ಸರಿ. ಈಗ ಅಷ್ಟು ಸಲೀಸಾಗಿ ಹೇಳೋಕಾಗಲ್ಲ.

ಎಲ್ಲರೂ ಮೊದಲು ಅಂತರ ನೋಡುತ್ತಾರೆ, ಒಂದು ನಿಮಿಷ ಇದೆಯಾ, ನಾಲ್ಕು ನಿಮಿಷ ಇದೆಯಾ ಅಂತ. ನಾನು ಮೊದಲು ನೋಡೋದು ರಸ್ತೆ. ನಾಳೆಯದು ಸಪಾಟು ರಸ್ತೆಯಾ, ಒಬ್ಬೊಬ್ಬರನ್ನೇ ಬಿಟ್ಟು ಸಮಯ ಅಳೆಯುವ ಟೈಮ್ ಟ್ರಯಲ್ಲಾ, ಇಲ್ಲಾ ಗುಡ್ಡ ಏನಾದ್ರೂ ಇದೆಯಾ? ಇದು ಗೊತ್ತಾದ ಮೇಲೇ ಅಂತರಕ್ಕೆ ಅರ್ಥ ಬರೋದು. ಸಪಾಟು ರಸ್ತೆಯಲ್ಲಿ 20 ಸೆಕೆಂಡು ಅಂದ್ರೆ ದಾಟೋಕಾಗದ ಗೋಡೆ. ಟೈಮ್ ಟ್ರಯಲ್‌ನಲ್ಲಿ 50 ಸೆಕೆಂಡು ಕೂಡ ಭದ್ರ ಅಲ್ಲ.

ಸಪಾಟು ರಸ್ತೆ ಯಾಕೆ ಹಾಗೆ ಅಂತ ಮೊದಲು ಹೇಳಿಬಿಡುತ್ತೇನೆ. ಗುಂಪಿನ ಒಳಗೆ ಕೂತವನಿಗೆ ಗಾಳಿಯ ತಡೆ ತುಂಬ ಕಡಿಮೆ, ಹಾಗಾಗಿ ಅವನು ಮುಂದಿರುವವನಷ್ಟೇ ವೇಗದಲ್ಲಿ ಹೋಗುತ್ತಾನೆ, ಆದರೆ ಅವನಿಗಿಂತ ಎಷ್ಟೋ ಕಡಿಮೆ ಶಕ್ತಿ ಖರ್ಚು ಮಾಡಿ. ಎರಡನೇ ಸ್ಥಾನದವನು ಒಬ್ಬನೇ ಮುಂದೆ ಓಡಿ ಹೋದ ಅಂದುಕೊಳ್ಳಿ. ಅವನ ಹಿಂದೆ ಹಳದಿ ಜರ್ಸಿಯವನ ತಂಡದ ಏಳು ಜನ ಸರದಿ ಪ್ರಕಾರ ಮುಂದೆ ಬಂದು ಎಳೆಯುತ್ತಾರೆ. ಅವರ ಜೊತೆಗೆ ಸ್ಪ್ರಿಂಟರ್‌ಗಳನ್ನು, ಅಂದ್ರೆ ಗೆರೆ ಹತ್ತಿರದ ಕೊನೇ ಜೋರು ಓಟದಲ್ಲಿ ಪಳಗಿದವರನ್ನು, ಇಟ್ಟುಕೊಂಡ ತಂಡಗಳೂ ಎಳೆಯುತ್ತವೆ, ಯಾಕಂದ್ರೆ ಯಾರೋ ಒಬ್ಬ ತಪ್ಪಿಸಿಕೊಂಡು ಗೆದ್ದುಬಿಟ್ಟರೆ ಅವರಿಗೆ ನಷ್ಟ. ಒಬ್ಬನ ಎದುರು ಇಪ್ಪತ್ತು ಜನ. ಕೊನೆಗೆ ಎಲ್ಲರೂ ಒಟ್ಟಿಗೆ ಗೆರೆ ದಾಟಿದರೆ ಗುಂಪಿನಲ್ಲಿ 5ನೆಯವನಿಗೂ 95ನೆಯವನಿಗೂ ಒಂದೇ ಸಮಯ ಬರೆಯುತ್ತಾರೆ. ಉಳಿಯೋದು ಒಟ್ಟು ಸಮಯದಿಂದ ಕಳೆಯುವ ಬೋನಸ್ ಸೆಕೆಂಡು ಮಾತ್ರ: ಮೊದಲ ಮೂವರಿಗೆ 10, 6, 4. ಬೆಟ್ಟ ಹತ್ತುವ ಸಣಕಲು ಮೈಯವನು ಸ್ಪ್ರಿಂಟರ್‌ಗಳ ನಡುವೆ ನುಗ್ಗಿ ಆ 10 ಸೆಕೆಂಡು ಕಿತ್ತುಕೊಳ್ಳೋದು ಆಗೋ ಮಾತಲ್ಲ.

ಆಗಲ್ಲ ಅಂತ ಎಲ್ಲರಿಗೂ ಗೊತ್ತಿರೋದರಿಂದಲೇ ಪ್ರಯತ್ನ ಮಾಡದೇ ಇರೋದು ಒಂದು ಪದ್ಧತಿಯಾಗಿ ಬೆಳೆದುಬಂತು. 1975ರಿಂದ ಟೂರ್ ಪ್ಯಾರಿಸ್‌ನ ಷಾಂಜ್ ಎಲಿಜೆ ರಸ್ತೆಯಲ್ಲಿ ಮುಗಿಯುತ್ತಿದೆ. ಊರ ಹೊರಗಿನಿಂದ ಹೊರಟು, ಮೊದಲ ಒಂದು ಗಂಟೆ ನಿಧಾನವಾಗಿ ಮಾತಾಡುತ್ತಾ, ಶಾಂಪೇನ್ ಗ್ಲಾಸ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾ ಬರುತ್ತಾರೆ. ಹಳದಿ ಜರ್ಸಿಯವನ ತಂಡ ಸಾಲಾಗಿ ಮುಂದೆ ನಿಂತು ಷಾಂಜ್ ಎಲಿಜೆಗೆ ಕಾಲಿಡುತ್ತದೆ. ಅಲ್ಲಿಂದ ಸುತ್ತುಗಳು ಶುರು, ಆಗ ವೇಗ ಏಕ್‌ದಂ ಏರುತ್ತದೆ. ನಿಮ್ಮ ಗೆಳೆಯ ಮೊದಲ ಗಂಟೆ ನೋಡಿ ಟಿವಿ ಆರಿಸಿರಬೇಕು.

ಆದರೆ ಇದು ಪದ್ಧತಿ ಅಷ್ಟೇ, ನಿಯಮ ಅಲ್ಲ. ಕೊನೇ ದಿನ ಹಳದಿ ಜರ್ಸಿಯವನ ಮೇಲೆ ದಾಳಿ ಮಾಡಬಾರದು ಅಂತ ಯಾವ ನಿಯಮಪುಸ್ತಕದಲ್ಲೂ ಇಲ್ಲ. 1979ರಲ್ಲಿ ಬರ್ನಾರ್ ಇನೋ ಮೂರು ನಿಮಿಷಕ್ಕೂ ಜಾಸ್ತಿ ಮುಂದಿದ್ದರು. ಆದರೂ ಎರಡನೇ ಸ್ಥಾನದ ಯೂಪ್ ಝೋಟೆಮೆಲ್ಕ್ ಕೊನೇ ದಿನ ಮುನ್ನುಗ್ಗಿದರು, ಇನೋ ಬೆನ್ನು ಬಿಡದೆ ಅವರ ಜೊತೆಗೇ ಹೋದರು. ಇಡೀ ಟೂರ್‌ನ ಮೊದಲ ಇಬ್ಬರು ಉಳಿದವರನ್ನೆಲ್ಲ ಹಿಂದೆ ಬಿಟ್ಟು ಷಾಂಜ್ ಎಲಿಜೆಗೆ ಬಂದರು, ಹಳದಿ ಜರ್ಸಿಯಲ್ಲೇ ಇನೋ ಹಂತವನ್ನೂ ಗೆದ್ದರು. 2005ರಲ್ಲಿ ಅಲೆಕ್ಸಾಂಡರ್ ವಿನೊಕುರೊವ್ ಕೊನೇ ಹಂತ ಗೆದ್ದು, ಬೋನಸ್ ಸೆಕೆಂಡುಗಳ ಬಲದಿಂದ ಲೀವೈ ಲೈಫೈಮರ್‌ರನ್ನು ದಾಟಿ ಐದನೇ ಸ್ಥಾನಕ್ಕೆ ಏರಿದರು. ಐದನೇ ಸ್ಥಾನ ತಾನೇ ಅಂತ ಅನಿಸಬಹುದು. ಮೂರು ವಾರ ಬೆವರು ಸುರಿಸಿದವನಿಗೆ ಐದಕ್ಕೂ ಆರಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಈಗ ಟೈಮ್ ಟ್ರಯಲ್‌ಗೆ ಬರೋಣ. ನೀವು ಕೇಳಿದ ಸೆಕೆಂಡಿನ ಲೆಕ್ಕ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲಿ. ಇಲ್ಲಿ ಗುಂಪಿಲ್ಲ, ಆಸರೆ ಇಲ್ಲ, ತಂಡ ಏನೂ ಸಹಾಯ ಮಾಡೋಕಾಗಲ್ಲ. ಲೆಕ್ಕ ಸುಲಭ. ಹಿಂದಿರುವವನು ಮುರಿಯಬೇಕಾದ ಸೆಕೆಂಡುಗಳನ್ನು ನಾಳೆಯ ಕಿಲೋಮೀಟರ್‌ಗಳಿಂದ ಭಾಗಿಸಿ. ಬರುವ ಉತ್ತರ ಕಿಲೋಮೀಟರಿಗೆ ಒಂದು ಸೆಕೆಂಡಿಗಿಂತ ಕಡಿಮೆ ಇದ್ದರೆ ಯಾರು ಬೇಕಾದರೂ ಗೆಲ್ಲಬಹುದು. ಎರಡರ ಹತ್ತಿರ ಇದ್ದರೆ, ಹಿಂದಿರುವವನು ಟೈಮ್ ಟ್ರಯಲ್‌ನಲ್ಲಿ ನಿಜಕ್ಕೂ ಪಳಗಿದವನಾಗಿರಬೇಕು, ಮುಂದಿರುವವನು ಅದರಲ್ಲಿ ಸ್ವಲ್ಪ ಹಿಂದುಳಿದವನಾಗಿರಬೇಕು. ಮೂರು ದಾಟಿತು ಅಂದ್ರೆ ಮುಂದಿರುವವನಿಗೆ ಮೈ ಸರಿಯಿಲ್ಲದಿದ್ದರೆ ಮಾತ್ರ ಸಾಧ್ಯ. ಇದು ನಾನು ನೋಡಿ ನೋಡಿ ಇಟ್ಟುಕೊಂಡ ಅಂದಾಜು, ಎಲ್ಲೂ ಬರೆದಿಟ್ಟ ಸೂತ್ರ ಅಲ್ಲ.

1989ಕ್ಕೆ ಇದನ್ನು ಹಚ್ಚಿ ನೋಡಿ. ಆ ವರ್ಷ ಕೊನೇ ಹಂತ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಫ್ರಾನ್ಸಿನ ಲೊರಾಂ ಫಿನ್ಯೋ ಹಳದಿ ಜರ್ಸಿಯಲ್ಲಿ, ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದೆ. ಕಿಲೋಮೀಟರಿಗೆ ಎರಡು ಸೆಕೆಂಡಿಗಿಂತ ಒಂಚೂರು ಜಾಸ್ತಿ. ಆಗೋದಿಲ್ಲ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದರು. ಲೆಮಾಂಡ್ ಹ್ಯಾಂಡಲ್‌ಗೆ ಮುಂದೆ ಚಾಚಿದ ಟ್ರಯಥ್ಲಾನ್ ಬಾರ್ ಹಾಕಿಕೊಂಡರು, ಗಾಳಿ ಸೀಳುವ ಆಕಾರದ ಹೆಲ್ಮೆಟ್ ಹಾಕಿದರು, ದಾರಿಯಲ್ಲಿ ನನಗೆ ಸಮಯ ಹೇಳಲೇಬೇಡಿ ಅಂತ ತಂಡಕ್ಕೆ ಹೇಳಿ ಹೊರಟರು. ಫಿನ್ಯೋ ಮಾಮೂಲಿ ಹ್ಯಾಂಡಲ್ ಹಿಡಿದು, ಹೆಲ್ಮೆಟ್ ಇಲ್ಲದೆ ಜುಟ್ಟು ಹಾರಿಸಿಕೊಂಡು ಬಂದರು. ಅದಕ್ಕಿಂತ ಮುಖ್ಯ ಅಂದ್ರೆ, ಸೀಟಿನ ಉಜ್ಜುವಿಕೆಯಿಂದ ಆದ ಗಾಯದ ನೋವಿಗೆ ಅವರಿಗೆ ಸರಿಯಾಗಿ ನಿದ್ದೆ ಕೂಡ ಆಗಿರಲಿಲ್ಲ. ಲೆಮಾಂಡ್ ಸರಾಸರಿ ಗಂಟೆಗೆ 54.5 ಕಿ.ಮೀ. ವೇಗದಲ್ಲಿ ಮುಗಿಸಿದರು, ಫಿನ್ಯೋಗಿಂತ 58 ಸೆಕೆಂಡು ಬೇಗ. 3,200 ಕಿಲೋಮೀಟರಿಗೂ ಜಾಸ್ತಿ ಓಡಿದ ಮೇಲೆ ಟೂರ್ ನಿರ್ಧಾರವಾಗಿದ್ದು 8 ಸೆಕೆಂಡಿನಲ್ಲಿ. ಪುರುಷರ ಟೂರ್‌ನಲ್ಲಿ ಇವತ್ತಿಗೂ ಅದೇ ಅತಿ ಕಡಿಮೆ ಅಂತರ.

ಈ ಕಥೆ ಹೇಳುವಾಗ ಎಲ್ಲರೂ ಆ ಬಾರ್ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮುಖ್ಯ ಅನಿಸೋದು ಬೇರೆ: ಫಿನ್ಯೋ ಆ ದಿನ ಕೆಟ್ಟದಾಗಿ ಓಡಿಸಲಿಲ್ಲ. ಇಡೀ ಹಂತದಲ್ಲಿ ಮೂರನೇ ವೇಗದ ಸಮಯ ಅವರದೇ. ಮುಂದಿರುವವನು ಚೆನ್ನಾಗಿ ಓಡಿಸಿಯೂ ಸೋಲಬಹುದು, ಟೈಮ್ ಟ್ರಯಲ್‌ನ ಕ್ರೂರತನ ಅದು. ಇನ್ನೊಂದು ವಿಷಯ, ಮೂರನೇ ವಾರದ ಟೈಮ್ ಟ್ರಯಲ್ ಮೊದಲ ವಾರದ್ದಕ್ಕಿಂತ ಪೂರ್ತಿ ಬೇರೆ. ಮೊದಲ ವಾರ ಗೆಲ್ಲೋದು ಅದರಲ್ಲಿ ಪಳಗಿದವನು. ಮೂರನೇ ವಾರ ಗೆಲ್ಲೋದು ಮೈಯಲ್ಲಿ ಇನ್ನೂ ಕಸುವು ಉಳಿಸಿಕೊಂಡವನು. ಹಾಗಾಗಿ ಹಳೇ ಟೈಮ್ ಟ್ರಯಲ್ ಫಲಿತಾಂಶ ನೋಡೋದು ಬಿಟ್ಟು, ಹಿಂದಿನ ಮೂರು ದಿನ ಬೆಟ್ಟದಲ್ಲಿ ಕೊನೇ ಎರಡು ಕಿಲೋಮೀಟರ್ ಯಾರು ಹೇಗೆ ಹತ್ತಿದರು ಅಂತ ನೋಡಿ.

ಟೂರ್ ಥರದ್ದೇ ಮೂರು ವಾರದ ರೇಸಾದ ಇಟಲಿಯ ಜಿರೋದಲ್ಲಿ ಇಂಥ ಕೊನೇ ದಿನಗಳು ಜಾಸ್ತಿ. 2012ರಲ್ಲಿ ಮಿಲಾನ್‌ನಲ್ಲಿ ರೈಡರ್ ಹೆಶೆಡಾಲ್ 31 ಸೆಕೆಂಡು ಹಿಂದಿದ್ದು ಹೊವಾಕಿನ್ ರೊಡ್ರಿಗೆಸ್‌ರನ್ನು 16 ಸೆಕೆಂಡಿನಿಂದ ಸೋಲಿಸಿದರು. 2017ರಲ್ಲಿ ಟಾಮ್ ಡುಮೊಲಾನ್ ಕೊನೇ ದಿನ ಬೆಳಿಗ್ಗೆ ನಾಲ್ಕನೇ ಸ್ಥಾನದಲ್ಲಿದ್ದರು, ನೈರೊ ಕಿಂಟಾನಾಗಿಂತ 53 ಸೆಕೆಂಡು ಹಿಂದೆ. ಮೊಂಝಾದಿಂದ ಮಿಲಾನ್‌ಗೆ 29.3 ಕಿ.ಮೀ. ಮುಗಿಯುವಷ್ಟರಲ್ಲಿ 31 ಸೆಕೆಂಡು ಮುಂದೆ. ಒಬ್ಬ ದೊಡ್ಡ ಮೈಕಟ್ಟಿನ ಟೈಮ್ ಟ್ರಯಲ್ ಸವಾರ, ಇನ್ನೊಬ್ಬ ಹಗುರ ಮೈಯ ಬೆಟ್ಟದ ಸವಾರ, ರಸ್ತೆ ಸಪಾಟು, ಅವತ್ತು ಬೆಳಿಗ್ಗೆಯೇ ನಾಲ್ಕನೆಯವನನ್ನು ಗೆಲ್ಲುವವನು ಅಂತ ಹೇಳಬಹುದಿತ್ತು, ಹೇಳಿದವರೂ ತುಂಬ ಜನ ಇದ್ದರು. 2020ರ ಜಿರೋ ಇನ್ನೂ ವಿಚಿತ್ರ. ಟಾವೊ ಗೇಗನ್ ಹಾರ್ಟ್ ಮತ್ತು ಜೈ ಹಿಂಡ್ಲಿ ಇಬ್ಬರದ್ದೂ ಒಟ್ಟು ಸಮಯ ಸೆಕೆಂಡಿನವರೆಗೆ ಸಮ, ಉಳಿದಿದ್ದು 15.7 ಕಿ.ಮೀ. ಹಾರ್ಟ್ 39 ಸೆಕೆಂಡಿನಿಂದ ಗೆದ್ದರು. ಅಲ್ಲಿಯವರೆಗೆ ಗುಲಾಬಿ ಜರ್ಸಿಯನ್ನು (ಜಿರೋದಲ್ಲಿ ಮುಂದಿರುವವನ ಜರ್ಸಿ) ಅವರು ಒಂದು ದಿನವೂ ಹಾಕಿರಲಿಲ್ಲ.

ಹಾಗಂತ ಟೈಮ್ ಟ್ರಯಲ್ ಇಟ್ಟ ಮಾತ್ರಕ್ಕೆ ರೋಚಕ ಆಗುತ್ತೆ ಅಂದುಕೊಳ್ಳಬೇಡಿ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ತಯಾರಿಯಲ್ಲಿ ಮುಳುಗಿದ್ದರಿಂದ ಟೂರ್ ಮೊದಲ ಸಲ ಆ ಊರು ಬಿಟ್ಟು ನೀಸ್‌ನಲ್ಲಿ ಮುಗಿಯಿತು. ಮೊನಾಕೋದಿಂದ ನೀಸ್‌ಗೆ 33.7 ಕಿ.ಮೀ., 1989ರ ನಂತರ ಮೊದಲ ಸಲ ಕೊನೇ ದಿನ ಟೈಮ್ ಟ್ರಯಲ್. ಕಾಗದದ ಮೇಲೆ ಭಾರಿ ಜೋರು. ಆದರೆ ತಾದೇಯ್ ಪೊಗಾಚಾರ್ ಅಷ್ಟರಲ್ಲಾಗಲೇ ಯೊನಾಸ್ ವಿಂಗೆಗಾರ್ಡ್‌ಗಿಂತ 5 ನಿಮಿಷ 14 ಸೆಕೆಂಡು ಮುಂದಿದ್ದರು. ಭಾಗಿಸಿ ನೋಡಿ, ಕಿಲೋಮೀಟರಿಗೆ ಒಂಬತ್ತು ಸೆಕೆಂಡು. ಕೊನೆಗೆ ಆ ಹಂತವನ್ನೂ ಅವರೇ ಗೆದ್ದರು.

ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಎಷ್ಟೋ ಸಲ ನಿಜವಾದ ಕೊನೇ ದಿನ ಶನಿವಾರ, ಅಂದ್ರೆ ಕೊನೆಯಿಂದ ಎರಡನೇ ಹಂತ. 2020ರ ಟೂರ್‌ನಲ್ಲಿ ಪ್ರಿಮೋಜ್ ರೊಗ್ಲಿಚ್ 57 ಸೆಕೆಂಡು ಮುಂದಿಟ್ಟುಕೊಂಡು ಲಾ ಪ್ಲಾಂಶ್ ಡೆ ಬೆಲ್ ಫೀಯ್ ಬೆಟ್ಟದ ಟೈಮ್ ಟ್ರಯಲ್‌ಗೆ ಹೊರಟರು, ಅಲ್ಲಿ ಪೊಗಾಚಾರ್ ಎಲ್ಲ ತಲೆಕೆಳಗು ಮಾಡಿ 59 ಸೆಕೆಂಡಿನಿಂದ ಟೂರ್ ಗೆದ್ದರು. ಮರುದಿನ ಪ್ಯಾರಿಸ್‌ನಲ್ಲಿ ಏನೂ ಬದಲಾಗಲಿಲ್ಲ. ಅದೇ ರೊಗ್ಲಿಚ್ 2023ರ ಜಿರೋದಲ್ಲಿ ಮೊಂಟೆ ಲುಸ್ಸಾರಿ ಟೈಮ್ ಟ್ರಯಲ್‌ನಲ್ಲಿ, ನಡುದಾರಿಯಲ್ಲಿ ಚೈನ್ ಜಾರಿದರೂ, ಗೆರೈಂಟ್ ಥಾಮಸ್‌ರಿಂದ ಗುಲಾಬಿ ಜರ್ಸಿ ಕಿತ್ತುಕೊಂಡರು. ಆಯೋಜಕರು ಜಗಳವನ್ನು ಶನಿವಾರಕ್ಕೆ ಇಟ್ಟು, ಭಾನುವಾರ ರಾಜಧಾನಿಯಲ್ಲಿ ಹಬ್ಬಕ್ಕೆ ಅಂತ ಬಿಡುತ್ತಾರೆ. ಹಾಗಾಗಿ ನಿಮ್ಮ ಲೆಕ್ಕವನ್ನು ಶುಕ್ರವಾರ ರಾತ್ರಿಯೇ ಶುರು ಮಾಡಿ.

ಇನ್ನು ಗುಡ್ಡ. ನಿಮ್ಮ ಗೆಳೆಯನ ಮಾತು ಹಳೇದಾಗಿದ್ದು ಇದರಿಂದಲೇ.

2024ರ ಪ್ಯಾರಿಸ್ ಒಲಿಂಪಿಕ್ಸ್ ರಸ್ತೆ ರೇಸು ಮೊಂಮಾರ್ತ್ರ್ ಗುಡ್ಡದ ಮೇಲೆ ಹಾದುಹೋಯಿತು. ಅಲ್ಲಿನ ಇಕ್ಕಟ್ಟಾದ ಬೀದಿಗಳಲ್ಲಿ ಸೇರಿದ ಜನ ನೋಡಿ ಟೂರ್‌ನವರಿಗೂ ಆಸೆಯಾಯಿತು. 2025ರಲ್ಲಿ ಕೊನೇ ಹಂತಕ್ಕೆ ಅದೇ ಗುಡ್ಡವನ್ನು ಮೂರು ಸಲ ಸೇರಿಸಿದರು. 1.1 ಕಿ.ಮೀ. ಉದ್ದ, ಸರಾಸರಿ 5.9 ಶೇಕಡ ಏರು. ಆಲ್ಪ್ಸ್ ಹತ್ತಿಬಂದವರಿಗೆ ಇದೇನು ಲೆಕ್ಕ ಅನ್ನಬಹುದು. ಆದರೆ ಕಲ್ಲುಹಾಸು, ರ‍್ಯೂ ಲೆಪಿಕ್‌ನಂಥ ಕಿರಿದಾದ ಬೀದಿ, ಮೂರು ವಾರದ ದಣಿವು, ಮೇಲಾಗಿ ಕೊನೇ ಸಲ ಹತ್ತಿದ ಮೇಲೆ ಗೆರೆಗೆ ಉಳಿಯೋದು ಸುಮಾರು ಆರೇ ಕಿಲೋಮೀಟರ್. ಸ್ಪ್ರಿಂಟರ್ ಒಬ್ಬ ಅಲ್ಲಿ 15 ಸೆಕೆಂಡು ಕಳೆದುಕೊಂಡರೆ ಆ ಆರು ಕಿಲೋಮೀಟರಿನಲ್ಲಿ ಅವನನ್ನು ವಾಪಸ್ ಎಳೆದು ತರೋಕೆ ತಂಡದವರು ಬೇಕು, ಆ ತಂಡದವರು ಅವನಿಗಿಂತಲೂ ಹಿಂದೆ ಉಳಿದಿರುತ್ತಾರೆ.

ಆ ದಿನ ಮಳೆ ಬಂತು. ಆಯೋಜಕರು ಒಳ್ಳೇ ತೀರ್ಮಾನ ತೆಗೆದುಕೊಂಡರು: ಒಟ್ಟು ಸಮಯದ ಲೆಕ್ಕವನ್ನು ಕೊನೆಗೆ 50 ಕಿ.ಮೀ. ಇರುವಾಗಲೇ ನಿಲ್ಲಿಸಿಬಿಟ್ಟರು. ಅಂದ್ರೆ ಹಳದಿ ಜರ್ಸಿಯವನು ಆಮೇಲೆ ಎಷ್ಟು ಹಿಂದೆ ಬಿದ್ದರೂ ನಷ್ಟ ಇಲ್ಲ, ಗೆರೆ ದಾಟಿದರೆ ಸಾಕು. ನಾಲ್ಕು ನಿಮಿಷಕ್ಕೂ ಜಾಸ್ತಿ ಮುಂದಿದ್ದ ಪೊಗಾಚಾರ್ ಹಿಂದೆ ಸರಿದು ಹುಷಾರಾಗಿ ಬರಬಹುದಿತ್ತು. ಅವರು ಉಲ್ಟಾ ಮಾಡಿದರು, ಹಳದಿ ಜರ್ಸಿಯಲ್ಲೇ ಗುಡ್ಡದ ಮೇಲೆ ಮತ್ತೆ ಮತ್ತೆ ಮುನ್ನುಗ್ಗಿದರು, ಉಳಿದವರು ಬೆರಳೆಣಿಕೆಯ ಜನ. ಕೊನೇ ಏರಿನಲ್ಲಿ ವೌಟ್ ವಾನ್ ಆರ್ಟ್ ಆ ಪೊಗಾಚಾರ್‌ರನ್ನೇ ಹಿಂದೆ ಬಿಟ್ಟು ಒಬ್ಬರೇ ಷಾಂಜ್ ಎಲಿಜೆಗೆ ಇಳಿದು ಗೆದ್ದರು. 2005ರ ವಿನೊಕುರೊವ್ ನಂತರ ಷಾಂಜ್ ಎಲಿಜೆಯಲ್ಲಿ ಗುಂಪು ಸ್ಪ್ರಿಂಟ್ ಅಲ್ಲದೆ ಹಂತ ಮುಗಿದಿದ್ದು ಅದೇ ಮೊದಲು. ವಾನ್ ಆರ್ಟ್ 2021ರಲ್ಲಿ ಇದೇ ರಸ್ತೆಯಲ್ಲಿ ಗುಂಪು ಸ್ಪ್ರಿಂಟ್‌ನಲ್ಲೂ ಗೆದ್ದವರು, ಎರಡೂ ರೀತಿ ಗೆಲ್ಲಬಲ್ಲವರು ತುಂಬ ಕಡಿಮೆ.

ಗುಡ್ಡ ಸೇರಿಸಿದ್ದು ಸರಿಯಾ ಅಂತ ಚರ್ಚೆ ಇದೆ. ಮೂರು ವಾರ ಕಾಪಾಡಿಕೊಂಡು ಬಂದ ಸ್ಥಾನವನ್ನು ಕೊನೇ ಸಂಜೆ ಒದ್ದೆ ಕಲ್ಲಿನ ಮೇಲೆ ಪಣಕ್ಕಿಡಬೇಕಾ ಅನ್ನೋದು ನ್ಯಾಯವಾದ ಪ್ರಶ್ನೆ. ಸ್ಪ್ರಿಂಟರ್‌ಗಳಿಗಂತೂ ನಿಜವಾಗಿ ಅನ್ಯಾಯ. ಷಾಂಜ್ ಎಲಿಜೆಯಲ್ಲಿ ಗೆಲ್ಲಬೇಕು ಅನ್ನೋ ಒಂದೇ ಆಸೆಯಿಂದ ಅವರು ಆಲ್ಪ್ಸ್, ಪಿರನೀಸ್ ಬೆಟ್ಟಗಳಲ್ಲಿ ಕಟ್ಟಕಡೆಗೆ ಉಳಿದು, ಹೊರಗೆ ಹಾಕುವ ಸಮಯದ ಮಿತಿಗಿಂತ ಒಂದೆರಡು ನಿಮಿಷ ಮುಂಚೆ ತಲುಪಿ ಒದ್ದಾಡಿಕೊಂಡು ಬರುತ್ತಾರೆ. ಆದರೂ ನನ್ನನ್ನು ಕೇಳಿದರೆ ಗುಡ್ಡ ಇರಲಿ. ಮಳೆ ಬಂದರೆ ಸಮಯ ನಿಲ್ಲಿಸುವ ಜಾಣತನ ಇದ್ದರೆ ಸಾಕು.

ಗುಡ್ಡವಿರುವ ಕೊನೇ ದಿನದಲ್ಲಿ ಎಷ್ಟು ಅಂತರ ಸುರಕ್ಷಿತ? ಅದು ಗುಡ್ಡದ ಅಳತೆಯ ಮೇಲೆ ನಿಂತಿದೆ. ಮೊಂಮಾರ್ತ್ರ್‌ನಂಥ ಚಿಕ್ಕ ಏರಿನಲ್ಲಿ ಸಮಬಲದವರ ನಡುವೆ ಹೆಚ್ಚೆಂದರೆ ಹತ್ತಿಪ್ಪತ್ತು ಸೆಕೆಂಡು ಬದಲಾಗಬಹುದು, ಅದೂ ಸಮಯದ ಲೆಕ್ಕ ಚಾಲ್ತಿಯಲ್ಲಿದ್ದರೆ. ದೊಡ್ಡ ಬೆಟ್ಟ ಆದರೆ ಕಥೆಯೇ ಬೇರೆ. 2024ರ ಮಹಿಳೆಯರ ಟೂರ್ ಆಲ್ಪ್ ದುವೇಜ್ ಮೇಲೆ ಮುಗಿಯಿತು. ಪೋಲೆಂಡಿನ ಕಾಸಿಯಾ ನೀವ್ಯಾದೋಮಾ ಹಳದಿ ಜರ್ಸಿಯಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಮುಂದಿದ್ದರು. ಡೆಮಿ ವೊಲೆರಿಂಗ್ ಬೆಟ್ಟದಲ್ಲಿ ಸುಮಾರು ಒಂದು ನಿಮಿಷ ಗಳಿಸಿ ಹಂತ ಗೆದ್ದರು, ಗೆದ್ದಿದ್ದಕ್ಕೆ 10 ಸೆಕೆಂಡು ಬೋನಸ್ಸೂ ಸಿಕ್ಕಿತು. ಆದರೂ ಕೊನೆಗೆ 4 ಸೆಕೆಂಡು ಸಾಲದೇ ಹೋಯಿತು. ಲೆಮಾಂಡ್‌ರ 8 ಸೆಕೆಂಡಿನ ಅರ್ಧ! ಕೊನೇ ದಿನ ಬೆಟ್ಟದ ತುದಿಗೆ ಮುಗಿಸಿದರೆ ಎಂಥ ರೇಸು ಸಿಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಹೊಳೆಯಲ್ಲ. ತುಂಬ ಹಿಂದೆ, 1947ರಲ್ಲಿ, ಜಾನ್ ರೊಬಿಕ್ ಕಾನ್‌ನಿಂದ ಪ್ಯಾರಿಸ್‌ಗೆ ಬರುವ ಕೊನೇ ಹಂತದಲ್ಲಿ ರುವಾಂ ಹತ್ತಿರದ ಏರಿನಲ್ಲಿ ಮುನ್ನುಗ್ಗಿ, ಹಳದಿ ಜರ್ಸಿಯಲ್ಲಿದ್ದ ಪಿಯೆರ್ ಬ್ರಾಂಬಿಲ್ಲಾರನ್ನು ಹಿಂದೆ ಹಾಕಿ ಟೂರ್ ಗೆದ್ದಿದ್ದರು. ಅಲ್ಲಿಯವರೆಗೆ ಒಂದು ದಿನವೂ ಹಳದಿ ಹಾಕದೆ.

ಅಂತೂ ಹಳದಿ ಜರ್ಸಿ ನಿರ್ಧಾರವಾಗಿ ಹೋಗಿದೆ ಅಂತಿಟ್ಟುಕೊಳ್ಳಿ. ಆಗಲೂ ಬೇರೆ ಜಗಳಗಳು ಬಾಕಿ ಇರುತ್ತವೆ. ಹಸಿರು ಜರ್ಸಿ ಸಮಯದ್ದಲ್ಲ, ಗೆರೆಯನ್ನು ಎಷ್ಟನೆಯವರಾಗಿ ದಾಟಿದರು ಅನ್ನೋದಕ್ಕೆ ಕೊಡುವ ಅಂಕಗಳ ಲೆಕ್ಕ, ಅದು ಕೊನೇ ಗೆರೆಯವರೆಗೂ ಎಳೆದದ್ದಿದೆ. 2003ರಲ್ಲಿ ಆಸ್ಟ್ರೇಲಿಯಾದ ಇಬ್ಬರು, ಬೇಡನ್ ಕುಕ್ ಮತ್ತು ರಾಬಿ ಮೆಕ್‌ಯೂವನ್, ಷಾಂಜ್ ಎಲಿಜೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಸ್ಪ್ರಿಂಟ್ ಮಾಡಿದರು. ಹಂತ ಗೆದ್ದವನು ಮೂರನೆಯವನೊಬ್ಬ. ಆದರೆ ಕುಕ್ ಎರಡನೆಯವರು, ಮೆಕ್‌ಯೂವನ್ ಮೂರನೆಯವರು, ಹಸಿರು ಜರ್ಸಿ ಕುಕ್‌ಗೆ ಬಂದಿದ್ದು ಎರಡೇ ಎರಡು ಅಂಕದಿಂದ. 1991ರ ದೃಶ್ಯ ಇನ್ನೂ ಭಯಂಕರ. ಹಸಿರು ಜರ್ಸಿಯಲ್ಲಿದ್ದ ಜಮಾಲುದ್ದೀನ್ ಅಬ್ದುಜಾಪಾರೊವ್ ಗೆರೆಗೆ ಸ್ವಲ್ಪ ಮುಂಚೆ ಬೇಲಿಗೆ ಬಡಿದು ಬಿದ್ದರು. ಆಸರೆ ಹಿಡಿದು ನಡೆದುಕೊಂಡು ಬಂದು ಗೆರೆ ದಾಟಿದರು, ಜರ್ಸಿ ಉಳಿಯಿತು.

ಗೆರೆ ದಾಟಲೇಬೇಕು ಅನ್ನೋದನ್ನು ನೆನಪಿಡಿ. ಐದು ನಿಮಿಷ ಮುಂದಿದ್ದರೂ ಕೊನೇ ಹಂತ ಮುಗಿಸದಿದ್ದರೆ ಒಟ್ಟು ಪಟ್ಟಿಯಲ್ಲಿ ಹೆಸರೇ ಇರೋದಿಲ್ಲ. ಸಪಾಟು ಹಂತದಲ್ಲಿ ಕೊನೇ 3 ಕಿಲೋಮೀಟರಿನೊಳಗೆ ಬಿದ್ದರೆ ಅಥವಾ ಪಂಕ್ಚರ್ ಆದರೆ ಆಗ ಇದ್ದ ಗುಂಪಿನ ಸಮಯವನ್ನೇ ಕೊಡುತ್ತಾರೆ, ಕೆಲವು ಹಂತಗಳಲ್ಲಿ ಈ ವಲಯವನ್ನು ಇನ್ನೂ ಉದ್ದ ಮಾಡುವುದೂ ಉಂಟು. ಅದಕ್ಕೇ ಸ್ಪ್ರಿಂಟ್ ಶುರುವಾಗುವ ಹೊತ್ತಿಗೆ ಹಳದಿ ಜರ್ಸಿಯವನು ಮೆಲ್ಲಗೆ ಹಿಂದೆ ಸರಿಯುವುದು. ಹೆದರಿಕೆ ಅಲ್ಲ, ಬುದ್ಧಿವಂತಿಕೆ.

ಗುಡ್ಡ ಇಲ್ಲದ ಸಪಾಟು ದಿನ ಆದರೆ ಹಂತ ಯಾರು ಗೆಲ್ಲಬಹುದು? ಇಲ್ಲಿ ಮೊದಲ ವಾರದ ಸ್ಪ್ರಿಂಟ್ ಫಲಿತಾಂಶ ನಂಬಬೇಡಿ. ಬೆಟ್ಟಗಳಲ್ಲಿ ಯಾರು ಯಾರು ರೇಸು ಬಿಟ್ಟು ಹೋಗಿದ್ದಾರೆ ನೋಡಿ, ಮುಖ್ಯವಾಗಿ ಸ್ಪ್ರಿಂಟರ್‌ನ ಸಹಾಯಕರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ. ಕೊಂಕಾರ್ಡ್ ಚೌಕದಿಂದ ತಿರುಗಿ ಷಾಂಜ್ ಎಲಿಜೆಗೆ ಬರುವ ಆ ಕೊನೇ ತಿರುವಿಗೆ ಸ್ಪ್ರಿಂಟರ್‌ನನ್ನು ಎರಡನೇ, ಮೂರನೇ ಜಾಗದಲ್ಲಿ ತಂದು ಬಿಡುವವನು ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲಿನದು ಕಲ್ಲುಹಾಸಿನ, ಸ್ವಲ್ಪ ಏರಾದ ನೇರ ರಸ್ತೆ, ಹಿಂದಿನಿಂದ ಬಂದು ದಾಟೋದು ಕಷ್ಟ. ಮಾರ್ಕ್ ಕ್ಯಾವೆಂಡಿಶ್ 2009ರಿಂದ 2012ರವರೆಗೆ ಸತತ ನಾಲ್ಕು ವರ್ಷ ಇಲ್ಲಿ ಗೆದ್ದಿದ್ದು ಬರೀ ವೇಗದಿಂದಲ್ಲ. 2009ರಲ್ಲಿ ಅವರನ್ನು ಎಳೆದು ತಂದ ಮಾರ್ಕ್ ರೆನ್‌ಶಾ ತಾವೇ ಎರಡನೇ ಸ್ಥಾನದಲ್ಲಿ ಬಂದುಬಿಟ್ಟರು, ಅಷ್ಟು ಮುಂದಿದ್ದರು ಇಬ್ಬರೂ. 2012ರಲ್ಲಿ ಹಳದಿ ಜರ್ಸಿಯ ಬ್ರ್ಯಾಡ್ಲಿ ವಿಗ್ಗಿನ್ಸ್ ಅವರೇ ಮುಂದೆ ನಿಂತು ಕ್ಯಾವೆಂಡಿಶ್‌ಗಾಗಿ ಎಳೆದರು.

ಸುತ್ತುಗಳಲ್ಲಿ ನಾಲ್ಕೈದು ಜನ ತಪ್ಪಿಸಿಕೊಂಡು 20-30 ಸೆಕೆಂಡು ಮುಂದೆ ಓಡುತ್ತಿರುತ್ತಾರೆ, ಅದನ್ನು ನೋಡಿ ಸುಮ್ನೆ ಆಸೆ ಪಡಬೇಡಿ. ರಸ್ತೆ ಅಗಲ, ನೇರ, ಹಿಂದಿರುವವರಿಗೆ ಅವರು ಕಣ್ಣೆದುರೇ ಕಾಣುತ್ತಿರುತ್ತಾರೆ. ಸ್ಪ್ರಿಂಟ್ ತಂಡಗಳು ಬೇಕಂತಲೇ ಅಷ್ಟು ಮಾತ್ರ ಬಿಟ್ಟಿರುತ್ತವೆ. ಅಂತರ ಒಂದು ನಿಮಿಷ ಮುಟ್ಟಿತು ಅಂದ್ರೆ ಮಾತ್ರ ನೆಟ್ಟಗೆ ಕೂತು ನೋಡಿ.

ಹಣದ ಲೆಕ್ಕ ಬೇಕಿದ್ದರೆ: ಟೂರ್ ಗೆದ್ದವನಿಗೆ 5 ಲಕ್ಷ ಯೂರೋ, ಒಂದು ಹಂತ ಗೆದ್ದವನಿಗೆ 11 ಸಾವಿರ ಯೂರೋ, ಅದನ್ನೂ ತಂಡದವರೆಲ್ಲ ಹಂಚಿಕೊಳ್ಳುವುದು ರೂಢಿ. ಹಾಗಾಗಿ ಕೊನೇ ದಿನದ ಹಂತಕ್ಕೆ ಇಷ್ಟು ಗುದ್ದಾಟ ಬಹುಮಾನಕ್ಕಲ್ಲ. ಷಾಂಜ್ ಎಲಿಜೆ ಗೆದ್ದವನು ಅನ್ನೋ ಹೆಸರಿಗೆ ಮುಂದಿನ ವರ್ಷದ ಒಪ್ಪಂದದಲ್ಲಿ ಬೆಲೆ ಇದೆ.

ಈಗ ಹಿಂದಿನ ರಾತ್ರಿಯ ಕೆಲಸಕ್ಕೆ ಬರೋಣ. ನಾನು ಮಾಡೋದು ಇಷ್ಟೇ. ದಾರಿಯ ನಕ್ಷೆ ತೆಗೆದು ಕೊನೇ ಏರಿನಿಂದ ಗೆರೆಗೆ ಎಷ್ಟು ದೂರ ಅಂತ ನೋಡುತ್ತೇನೆ. ಆರು ಕಿಲೋಮೀಟರಾದರೆ ಗುಡ್ಡ ಹತ್ತಬಲ್ಲ ಗಟ್ಟಿಗರ ದಿನ. ಹದಿನೈದು ದಾಟಿದರೆ ಸ್ಪ್ರಿಂಟ್ ತಂಡಗಳು ವಾಪಸ್ ಬರಬಹುದು. ಆಮೇಲೆ ಮಳೆಯ ಮುನ್ಸೂಚನೆ. ಮಳೆ ಇದ್ದರೆ ಸಮಯ ನಿಲ್ಲಿಸುವ ಸಾಧ್ಯತೆ ಜಾಸ್ತಿ, ಹಳದಿ ಜರ್ಸಿ ಬಗ್ಗೆ ಯೋಚಿಸೋದು ಬಿಟ್ಟು ಹಂತದ ಬಗ್ಗೆ ಮಾತ್ರ ಯೋಚಿಸಬಹುದು. ಆಮೇಲೆ ಪಟ್ಟಿ ತೆಗೆದು, ಮೊದಲ ಹತ್ತರಲ್ಲಿ ಪಕ್ಕಪಕ್ಕದವರ ನಡುವೆ 10 ಸೆಕೆಂಡಿಗಿಂತ ಕಡಿಮೆ ಅಂತರ ಎಲ್ಲಿದೆ ಅಂತ ಹುಡುಕುತ್ತೇನೆ. ವಿನೊಕುರೊವ್ ಥರದ ಆಟ ಅಲ್ಲೇ ಹುಟ್ಟೋದು. ಕೊನೆಗೆ, ಮೂರು ವಾರದಲ್ಲಿ ಒಂದೂ ಹಂತ ಗೆಲ್ಲದ ದೊಡ್ಡ ತಂಡಗಳು ಯಾವುವು ಅಂತ. ಅವರಿಗೆ ಕಳೆದುಕೊಳ್ಳೋಕೆ ಏನೂ ಇಲ್ಲ, ಮೊದಲು ಮುನ್ನುಗ್ಗೋದು ಅವರೇ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಒಮ್ಮೊಮ್ಮೆ ರೇಸು ಮುಗಿಯುವುದೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ಮೂರು ವಾರದ ರೇಸು ವುವೆಲ್ತಾ ಮ್ಯಾಡ್ರಿಡ್‌ನಲ್ಲಿ ಮುಗಿಯಬೇಕಿತ್ತು, ಪ್ರತಿಭಟನಾಕಾರರು ರಸ್ತೆಗೆ ಇಳಿದಿದ್ದರಿಂದ ಕೊನೇ ಹಂತ ನಡುದಾರಿಯಲ್ಲೇ ನಿಂತುಹೋಯಿತು. ವಿಂಗೆಗಾರ್ಡ್ ಗೆದ್ದವರು ಅಂತ ಆಯಿತು, ಆದರೆ ವೇದಿಕೆಯ ಸಮಾರಂಭ ನಡೆಯಲಿಲ್ಲ.

ಪೂರ್ತಿ ನೋಡೋಕೆ ಸಮಯ ಇಲ್ಲದಿದ್ದರೆ ಮೊದಲ ಗಂಟೆ ಬಿಟ್ಟುಬಿಡಿ. ಷಾಂಜ್ ಎಲಿಜೆಗೆ ಕಾಲಿಡುವ ಹೊತ್ತಿಗೆ ಟಿವಿ ಹಾಕಿ. ಮೊಂಮಾರ್ತ್ರ್ ಇರುವ ವರ್ಷವಾದರೆ, ಎರಡನೇ ಸಲ ಹತ್ತುವಾಗ ಮುಂದಿನ ಹತ್ತು ಜನರಲ್ಲಿ ಯಾರಿದ್ದಾರೆ ಅಂತ ಬರೆದುಕೊಳ್ಳಿ. ಗೆಲ್ಲುವವನು ಹೆಚ್ಚುಕಮ್ಮಿ ಆ ಹತ್ತರಲ್ಲೇ ಇರುತ್ತಾನೆ. ನಿಮ್ಮ ಗೆಳೆಯನ ಜೊತೆ ಪಂದ್ಯ ಕಟ್ಟೋದಿದ್ದರೆ ಅದಕ್ಕೆ ಮುಂಚೆಯೇ ಕಟ್ಟಿಬಿಡಿ.